ಗಿರಣಿ ಗೋಡೆಯ ಮೇಲೆ ಅವನ ಚಿತ್ರ

ಮೈಸೂರಿನ ಒಂದು ಸಂಜೆ ಪತ್ರಿಕೆಗೆ ನಾನು ಬಹಳ ವರ್ಷದಿಂದ ವ್ಯಂಗ್ಯಚಿತ್ರ ಬರೆಯುತ್ತಿದ್ದೇನೆ. ಕರೆಂಟ್ ಹೋಗುವುದು ನನ್ನ ಅನ್ನದ ವಿಷಯ. ವಿದ್ಯುತ್ ಇಲಾಖೆಯನ್ನು ಕೋರೆಹಲ್ಲಿನ ರಾಕ್ಷಸನನ್ನಾಗಿ ಮಾಡಿ, ಯಾರಿಗೂ ಅನುಮಾನ ಬರದಿರಲೆಂದು ಹೊಟ್ಟೆಯ ಮೇಲೆ ಹೆಸರನ್ನೂ ಬರೆದು, ಮನಸಾರೆ ಬಯ್ದಿದ್ದೇನೆ. ಆದರೆ ಹೋದ ಬೇಸಿಗೆಯಲ್ಲಿ, ಮಂಡಿ ಮೊಹಲ್ಲಾದಲ್ಲಿ ನನ್ನ ಹೆಂಡತಿ ನಡೆಸುವ ಹಿಟ್ಟಿನ ಗಿರಣಿಗೆ ಮನೆಯ ಬೀಗದ ಕೈ ಕೇಳಲು ಹೋದರೆ, ಗೋಡೆಯ ಮೇಲೆ ಅಂಟಿದ್ದದ್ದು ಬೆಳಗಿನ ಪತ್ರಿಕೆಯ ವ್ಯಂಗ್ಯಚಿತ್ರಕಾರ ಬರೆದ ಚಿತ್ರ. ಅವನೂ ನಾನೂ ಒಂದೇ ಮೇಷ್ಟ್ರ ಹತ್ತಿರ ಗೆರೆ ಎಳೆಯಲು ಕಲಿತವರು. ಅವನ ಚಿತ್ರ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನು.

ಆಗಲೂ ಕರೆಂಟ್ ಇರಲಿಲ್ಲ. ಹಾಗೆ ಕರೆಂಟ್ ಹೋದಾಗ ಜನ ತಮ್ಮ ಡಬ್ಬವನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಾರೆ. ಚಿತ್ರದಲ್ಲಿಯೂ ಅದೇ ಸಾಲು. ಕಾದು ಕಾದು ಡಬ್ಬಗಳೊಳಗೆ ರಾಗಿ ಮೊಳೆತು, ಪೈರಾಗಿ, ತೆನೆ ಬಿಟ್ಟಿದೆ. ಗಿರಣಿಯ ಹೆಂಗಸು ಕುಡುಗೋಲು ಹಿಡಿದು ಕೊಯ್ಲಿಗೆ ನಿಂತಿದ್ದಾಳೆ. ಡಬ್ಬ ಇಡಲು ಬಂದ ಇಬ್ಬರು ಅದನ್ನು ನೋಡಿ ನಕ್ಕು ಹೋದರು. ನನಗೂ ನಗು ಬಂತು, ನುಂಗಿಕೊಂಡೆ.

“ನಂದು ಒಂದೂ ಅಂಟಿಸಿಲ್ವಲ್ಲ?”

“ನಿಮ್ದು ನೋಡಿದ್ರೆ ಜನಕ್ಕೆ ಸಿಟ್ಟು ಬರುತ್ತೆ ಕಣ್ರೀ. ಅದನ್ನ ನನ್ ಮೇಲೆ ತೀರಿಸ್ಕೊತಾರೆ. ಇದು ನೋಡಿದ್ರೆ ಡಬ್ಬ ಇಟ್ಬುಟ್ಟು ಸುಮ್ನೆ ಹೋಗ್ತಾರೆ.”

ತಪ್ಪು ಹುಡುಕದೆ ಇರಲಾಗಲಿಲ್ಲ. “ಎಡಗೈಗೆ ಕುಡುಗೋಲು ಕೊಟ್ಟವ್ನೆ ನೋಡು. ಅಷ್ಟೂ ಗೊತ್ತಿಲ್ಲ ಅವನಿಗೆ.”

ನೆಲದ ಹಿಟ್ಟು ಗುಡಿಸುತ್ತಿದ್ದವಳು ನಿಂತಳು. ಪೊರಕೆ ಅವಳ ಎಡಗೈಯಲ್ಲಿತ್ತು.

“ಅವ್ರು ವಾರಕ್ಕೊಂದ್ಸಲ ಗೋಧಿ ತರ್ತಾರೆ. ಕರೆಂಟ್ ಹೋದ್ರೆ ಎಲ್ರ ಥರ ಮನೆಗೆ ಹೋಗಲ್ಲ, ಇಲ್ಲೇ ಕೂತಿರ್ತಾರೆ. ಈಗಷ್ಟೇ ಟೀ ಕುಡಿಯೋಕೆ ಹೋದ್ರು” ಎಂದಳು.

ಚಿತ್ರವನ್ನು ಮತ್ತೆ ನೋಡಿದೆ. ತಲೆಗೆ ಸುತ್ತಿದ ಟವೆಲ್ಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಒಂದು ಕಡೆ ಸವೆದ ಚಪ್ಪಲಿ. ಅವಳು ಎಡಚಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಚಿತ್ರದೊಳಗೆ ಅವಳಿರಬಹುದು ಎಂದು ಹೊಳೆದಿರಲಿಲ್ಲ, ಅಷ್ಟೇ. ನಾನು ಈ ಗಿರಣಿಗೆ ಬರುತ್ತಿದ್ದದ್ದು ಬೀಗದ ಕೈಗೆ ಮಾತ್ರ.

ಅವತ್ತು ಕೂತೆ. ಸಾಲಿನ ಮೊದಲ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡು ಅದನ್ನು ಕಾಲಿನಲ್ಲಿ ಮೆಲ್ಲಗೆ ಹಿಂದಕ್ಕೆ ತಳ್ಳಿದೆ.

“ಅದನ್ನ ಇದ್ದಲ್ಲೇ ಇಡಿ” ಎಂದಳು. “ಅವ್ರು ನಿಮಗಿಂತ ಮುಂಚೆ ಬಂದವ್ರು.”