ಒಂದು ಬೆರಳಿನ ನೀರು

ಅಳತೆಯ ವಿಷಯದಲ್ಲಿ ನನ್ನನ್ನು ನಂಬಬೇಡಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಆದರೆ ಮೋಸ ಮಾಡಲು ಬೇಕಾದಷ್ಟು ಗಣಿತ ಅಷ್ಟರಲ್ಲೇ ಬಂದುಬಿಟ್ಟಿತ್ತು.

ಹೋದ ತಿಂಗಳು ಸಾಗರದಿಂದ ಸುಮಾ ಎಂಬ ಹುಡುಗಿ ಬಂದಿದ್ದಳು. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು, ಯಾವಾಗ ನಿಂತಿತು ಎಂದು ಮುದುಕರನ್ನು ಕೇಳಿ ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕುವುದು ಅವಳ ಕೆಲಸ. ಆಕಾಶದಿಂದ ತೆಗೆದ ಚಿತ್ರ ತೋರಿಸಿದಳು. ಬ್ಯಾಕೋಡಿನ ಕಡೆ ಊರುಗಳ ಮೇಲೆ ಕೂತ ಅಣೆಕಟ್ಟಿನ ಹಿನ್ನೀರು ಬೆರಳು ಚಾಚಿದ ಅಂಗೈಯ ಹಾಗೆ ಕಾಣುತ್ತಿತ್ತು. ದೊಡ್ಡವರು ನದಿ ತಡೆದರೆ ಆಕಾಶಕ್ಕೂ ಕಾಣುತ್ತದೆ. ನಾನು ತಿರುಗಿಸಿಕೊಂಡದ್ದು ಒಂದೇ ಬೆರಳಿನಷ್ಟು; ಅದು ಯಾವ ಚಿತ್ರದಲ್ಲೂ ಇರಲಾರದು ಎಂದು ಒಳಗೊಳಗೇ ಸಮಾಧಾನಪಟ್ಟೆ.

ಎಪ್ಪತ್ತರ ದಶಕದಲ್ಲಿ ನನ್ನ ಗದ್ದೆಗೂ ತಮ್ಮ ತಿಮ್ಮಪ್ಪನ ಗದ್ದೆಗೂ ಒಂದೇ ಹಳ್ಳದ ನೀರು. ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಹಳ್ಳಕ್ಕೆ ಕಟ್ಟು ಕಟ್ಟುತ್ತಿದ್ದೆವು. ಕಾಲುವೆ ಎರಡಾಗುವ ಕಡೆ ಅಡ್ಡಕ್ಕೆ ಒಂದು ಮತ್ತಿ ಮರದ ಹಲಗೆ. ಅದರಲ್ಲಿ ನೀರು ಹಾಯಲು ಎರಡು ಕಂಡಿ, ನನಗೊಂದು, ಅವನಿಗೊಂದು. ಕಂಡಿಗಳನ್ನು ಅಣ್ಣ ಕೊರೆಯಬೇಕು, ತಮ್ಮ ಅಳೆದು ನೋಡಬೇಕು, ಆಮೇಲೆ ಹಲಗೆ ಹೂಳಬೇಕು. ಅಜ್ಜನ ಕಾಲದ ಪದ್ಧತಿ. ಮಾಡಿದವರು ಅಣ್ಣಂದಿರನ್ನು ಚೆನ್ನಾಗಿ ಬಲ್ಲವರಿರಬೇಕು.

ಒಂದು ವರ್ಷ ಹಳೆಯ ಹಲಗೆ ನೀರಲ್ಲಿ ಕೊಳೆತು ಲಡ್ಡಾಯಿತು. ಹೊಸದನ್ನು ಕೊರೆಯುವಾಗ ನನ್ನ ಕಂಡಿಯ ತಳವನ್ನು ಒಂದು ಬೆರಳು ಆಳ ಮಾಡಿದೆ. ಅಗಲ ಮಾಡಿದರೆ ಕಣ್ಣಿಗೆ ಬೀಳುತ್ತದೆ. ಆಳ ನೀರಿನಡಿ ಅಡಗುತ್ತದೆ. "ಅಳೆದು ನೋಡೋ" ಅಂದೆ.

"ನೀ ಕೊರೆದಿದ್ದಕ್ಕೆ ನಾ ಗೇಣು ಹಾಕೋದಾ? ಎಂತ ಮಾತಾಡ್ತೀಯಾ ಅಣ್ಣಾ, ಇಡು ಅತ್ಲಾಗೆ" ಅಂದ.

ಶಿವರಾತ್ರಿ ಕಳೆದು ಹಳ್ಳ ಸೊರಗಿತು. ಇದ್ದಬದ್ದ ನೀರು ತಗ್ಗಿನಲ್ಲಿದ್ದ ನನ್ನ ಕಂಡಿಗೇ ನುಗ್ಗಿತು. ಅವನ ಪಾಲಿಗೆ ಬಂದದ್ದು ಗದ್ದೆ ಮುಟ್ಟುವ ಮೊದಲೇ ಇಂಗಿತು. "ನಿನ್ನ ಕಾಲುವೇಲಿ ಏಡಿ ಬಿಲ ಜಾಸ್ತಿ ಕಣೋ, ನೀರೆಲ್ಲ ಅದರಲ್ಲೇ ಸೋರ್ತದೆ" ಅಂದೆ. ಮೂರು ಬೇಸಿಗೆ ಅವನ ಕಬ್ಬು ಒಣಗಿತು. ಎಂಬತ್ತರ ಹೊತ್ತಿಗೆ ಗದ್ದೆ ಹಾಳುಬಿಟ್ಟು, ತೀರ್ಥಹಳ್ಳಿ ಕಡೆಯ ಆಲೆಮನೆಗಳಲ್ಲಿ ಬೇರೆಯವರ ಕಬ್ಬಿನ ಹಾಲು ಕಾಯಿಸಲು ಹೋಗಿಬರತೊಡಗಿದ. ಊರು ಅವನನ್ನು ಸೋಮಾರಿ ಎಂದಿತು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಬಾಯಲ್ಲಿ ನನ್ನ ಕಬ್ಬಿನ ಬೆಲ್ಲವಿತ್ತು.

ನಮ್ಮ ಜಗುಲಿಯಲ್ಲಿ ಕೂತು ಸುಮಾ ನಕ್ಷೆಯಲ್ಲಿ ಆ ಗದ್ದೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಬೇಸಾಯ ನಿಂತಿದ್ದಕ್ಕೆ ಕಾರಣ ಎಂತ ಹಾಕ್ಲಿ ಅಜ್ಜ?"

"ಮಳೆ ಕಮ್ಮಿ" ಅಂದೆ.

ನೆರೆಮನೆಯ ದ್ಯಾವಪ್ಪ ನಕ್ಕ. "ಸೋಮಾರಿತನ ಅಂತ ಹಾಕಮ್ಮ! ಹೌದಾ ಅಲ್ವನಾ ತಿಮ್ಮಪ್ಪಾ?"

ಪಕ್ಕದಲ್ಲೇ ಕೂತಿದ್ದ ತಿಮ್ಮಪ್ಪನೂ ನಕ್ಕ. ನಲವತ್ತು ವರ್ಷದಿಂದ ಹಾಗೆಯೇ ನಗುತ್ತಿದ್ದಾನೆ. ಈ ನಗು ನಕ್ಷೆಗೂ ಏರಿಬಿಟ್ಟರೆ ನಾವಿಬ್ಬರೂ ಸತ್ತ ಮೇಲೂ ಅವನು ಸೋಮಾರಿಯೇ. ಹೇಳಿಬಿಟ್ಟೆ. ಹಲಗೆ, ಕಂಡಿ, ಎಲ್ಲ.

ದ್ಯಾವಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ತಿಮ್ಮಪ್ಪ ತನ್ನ ಬೆರಳನ್ನೇ ನೋಡಿದ.

"ಎರಡ್ ಬೇಸಿಗೆ ಏಡಿ ಬಿಲ ಮುಚ್ಚಿದ್ನಲ್ಲಾ ಅಣ್ಣಾ. ನೀನೂ ಬಂದು ಮಣ್ಣು ಕಲಸಿ ಕೊಟ್ಟಿದ್ದೆ."

ಅದನ್ನು ನಾನು ಮರೆತೇಬಿಟ್ಟಿದ್ದೆ. ಅವನು ಎದ್ದು ಹೋದ.

ಸುಮಾಳ ಮೊಬೈಲಿನಲ್ಲಿ ಕಾರಣಗಳ ಪಟ್ಟಿ ಇತ್ತು: ಮಳೆ, ಹೂಳು, ಬೋರ್‌ವೆಲ್. ಅಣ್ಣ ಎಂಬುದಿರಲಿಲ್ಲ. ಕೊನೆಯಲ್ಲಿದ್ದ 'ಇತರೆ'ಯನ್ನು ಒತ್ತಿದಳು. ಸೋಮಾರಿ ಎಂದಂತೂ ಆಗಲಿಲ್ಲ.

ಎಂಟು ದಿನ ಬಿಟ್ಟು ತಿಮ್ಮಪ್ಪ ಬಂದ. ಬೆಲ್ಲ, ನೀರು ಮುಂದಿಟ್ಟೆ. ಬೆಲ್ಲ ಮುಟ್ಟಲಿಲ್ಲ. ಲೋಟದ ಪಕ್ಕ ಬೆರಳು ನಿಲ್ಲಿಸಿ ನೀರನ್ನು ಅಳೆದ. "ಸರಿ ಅದೆಯಾ ನೋಡ್ತೀನಿ" ಅಂದು ಕುಡಿದ.

ಈಗ ಬಂದಾಗಲೆಲ್ಲ ಅಳೆಯುತ್ತಾನೆ. ನಾನೂ ಲೋಟವನ್ನು ಕಂಠದವರೆಗೆ ತುಂಬಿಟ್ಟು, ಅವನು ಅಳೆದು ಮುಗಿಸುವವರೆಗೆ ಕಾಯುತ್ತೇನೆ. ಪದ್ಧತಿ ಅಂದರೆ ಪದ್ಧತಿ.