ಮೂಲ ಹಾಡಿನಲ್ಲಿ ಇಲ್ಲದ ತುಂಡು

ದಿಲ್ಲಿಯಲ್ಲಿ ಚಳಿಗಾಲ ಶುರುವಾಗುವುದು ಧೂಳು ಸುಟ್ಟ ವಾಸನೆಯಿಂದ. ವರ್ಷವಿಡೀ ಮಂಚದ ಕೆಳಗಿದ್ದ ಹೀಟರನ್ನು ಎಳೆದು ಸ್ವಿಚ್ ಹಾಕಿದ ಕೂಡಲೇ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆಗೆ ಎನ್ನುತ್ತಾರೆ. ನಾನು ಮಾತ್ರ ಅದರ ಪಕ್ಕದಲ್ಲೇ ಕುಳಿತಿರುತ್ತೇನೆ. ನಾನು ಮೊದಲು ಬಾಡಿಗೆಗಿದ್ದ ಮನೆಯ ಆಂಟಿಯ ಹಳೇ ವಾಲ್ವ್ ರೇಡಿಯೊ ಬಿಸಿಯಾದಾಗಲೂ ಇದೇ ವಾಸನೆ ಬರುತ್ತಿತ್ತು...

ಆಗ ನಾನು ಓಖ್ಲಾದ ಒಂದು ಬಟ್ಟೆ ರಫ್ತಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮೆಟ್ರೊ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಹಿಂದಿ ಬರುತ್ತದೆ ಎಂಬ ಧೈರ್ಯದಲ್ಲಿ ದಾವಣಗೆರೆಯಿಂದ ಬಂದವಳಿಗೆ, ಆಟೊ ಹತ್ತಿದ ಮೊದಲ ದಿನವೇ ಅದು ಬರುವುದಿಲ್ಲ ಎಂದು ಗೊತ್ತಾಗಿತ್ತು. ಆಂಟಿಯ ತಾರಸಿ ಮೇಲಿದ್ದ ಒಂಟಿ ಕೋಣೆ, ಇಲ್ಲಿಯವರು ಬರ್ಸಾತಿ ಎನ್ನುವುದು, ನನಗೆ ಬಾಡಿಗೆಗೆ ಸಿಕ್ಕಿತು. ಆಂಟಿ ಮಂಗಳೂರಿನವರು. ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಬರ್ತದಾ? ಹಾಗಾದ್ರೆ ಒಳಗೆ ಬಾ. ಮೀನು ಹುರಿದ್ರೆ ಮುಖ ಸಿಂಡರಿಸ್ಲಿಕ್ಕಿಲ್ಲ, ಈಗಲೇ ಹೇಳ್ತೇನೆ" ಎಂದರು. ನಾನು ಸಸ್ಯಾಹಾರಿ. ಆದರೂ ಹೂಂ ಎಂದೆ.

ನೈಟಿಯ ಮೇಲೆ ಸ್ವೆಟರ್ ತೊಟ್ಟು, ಮೊಣಕಾಲು ನೀವಿಕೊಳ್ಳುತ್ತ ಓಡಾಡುವ ಈ ಹೆಂಗಸು ಒಂದು ಕಾಲಕ್ಕೆ ಕನಾಟ್ ಪ್ಲೇಸಿನ ರೆಸ್ಟೊರೆಂಟಿನಲ್ಲಿ ಬ್ಯಾಂಡಿನ ಜೊತೆ ನಿಂತು ಇಂಗ್ಲಿಷ್ ಹಾಡು ಹಾಡುತ್ತಿದ್ದರು ಎಂದರೆ ನನಗೆ ಮೊದಲು ನಂಬಿಕೆ ಬರಲಿಲ್ಲ. ಶನಿವಾರ ಮಧ್ಯಾಹ್ನದ ಚಹಾಕ್ಕೆ ಬಂದವರು ಕುರ್ಚಿ ಸರಿಸಿ ಕುಣಿಯುತ್ತಿದ್ದರಂತೆ.

ಆ ಸಂಗೀತವೆಂದರೆ ಕೂದಲು ಕೆದರಿಕೊಂಡು ಡ್ರಮ್ ಬಡಿದು ಕಿರುಚುವುದು ಎಂದುಕೊಂಡಿದ್ದ ನನ್ನನ್ನು ಆಂಟಿ ಬೀನ್ಸಿನ ನಾರು ತೆಗೆಯುತ್ತಲೇ ತಿದ್ದಿದರು. ಅಮೆರಿಕದ ಕಪ್ಪು ಗಾಯಕರ ಸೋಲ್ ಹಾಡನ್ನು ಮೊದಲ ಸಲ ರೇಡಿಯೊದಲ್ಲಿ ಕೇಳಿದಾಗ ಅವರಿಗೆ ಅದು ಹೊರಗಿನದು ಅನ್ನಿಸಲೇ ಇಲ್ಲವಂತೆ. "ಇಗರ್ಜಿಯಲ್ಲಿ ಹಾಡಿ ಬೆಳೆದವರು ಅಂತ ಉಸಿರಲ್ಲೇ ಗೊತ್ತಾಗ್ತದೆ. ನಾನೂ ಅಲ್ಲಿಂದಲೇ ಬಂದದ್ದಲ್ವಾ. ದೇವರಿಗೆ ಹಾಡಿದ್ದನ್ನೇ ಅವರು ಪ್ರಾಯದ ಹುಡುಗನಿಗೆ ಹಾಡಿದ್ರು, ಅಷ್ಟೇ." ರಾಕ್ ಬಂದಾಗ ಗಿಟಾರಿನವರು ಮೆರೆದರು. ಫಂಕ್ ಬಂದ ಮೇಲೆ ಹಿಂದೆ ಮೂಲೆಯಲ್ಲಿ ನಿಂತು ತಗ್ಗಿನ ಸ್ವರ ನುಡಿಸುತ್ತಿದ್ದ ಬೇಸ್ ಗಿಟಾರಿನವನಿಗೂ ಕಾಲ ಕೂಡಿಬಂತು. ತಾಳದ ಮೊದಲ ಪೆಟ್ಟನ್ನು ಅವನು ಒತ್ತಿ ಹಿಡಿದರೆ ಕುಳಿತವರೂ ಏಳುತ್ತಿದ್ದರು. ಆ ಬೇಸ್ ನುಡಿಸುತ್ತಿದ್ದವರು ಆಂಟಿಯ ಗಂಡ, ಗೋವಾದವರು. ಆಮೇಲೆ ಡಿಸ್ಕೊ ಬಂತು, ಕ್ಯಾಸೆಟ್ ಬಂತು, ರೆಸ್ಟೊರೆಂಟಿನವರು ವೇದಿಕೆ ಕಿತ್ತು ಅಲ್ಲಿ ಮೇಜು ಹಾಕಿದರು. ನಾನು ಬರುವ ಮೊದಲೇ ಅಂಕಲ್ ತೀರಿಕೊಂಡಿದ್ದರು. ಅವರ ಗಿಟಾರು ಕಪಾಟಿನ ಮೇಲೆ ಹಳೇ ಚಾದರ ಸುತ್ತಿಕೊಂಡು ಮಲಗಿತ್ತು.

ರೆಕಾರ್ಡು ದಿಲ್ಲಿಗೆ ಬರುವಷ್ಟರಲ್ಲಿ ಹಾಡು ಹಳತಾಗಿರುತ್ತಿತ್ತಂತೆ. ಅದಕ್ಕೇ ಬ್ಯಾಂಡಿನವರು ಈ ರೇಡಿಯೊದ ಸುತ್ತ ಕುಳಿತು, ದೂರದ ಸ್ಟೇಷನ್ ಹಿಡಿದು, ಹಾಡನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮಾತು ಮತ್ತು ಧಾಟಿ ಆಂಟಿಗೆ, ಬೇಸ್ ಅಂಕಲ್‌ಗೆ, ತಾಳ ಡ್ರಮ್ಮಿನವನಿಗೆ, ಉಳಿದದ್ದು ಗಿಟಾರಿನವನಿಗೆ. ತನ್ನ ಪಾಲು ಬಿಟ್ಟು ಬೇರೆಯದಕ್ಕೆ ಕಿವಿ ಕೊಡುವಂತಿಲ್ಲ. ತಪ್ಪಿಹೋದದ್ದನ್ನು ಮುಂದಿನ ವಾರ ಅದೇ ಹಾಡು ಬಂದಾಗ ತುಂಬಿಕೊಳ್ಳಬೇಕು. ಒಂದು ಸೋಲ್ ಹಾಡು ಮಾತ್ರ ಅವರನ್ನು ಸತಾಯಿಸಿತು. ಪ್ರತಿ ಸಲವೂ ನಡುವೆ ಸ್ಟೇಷನ್ ಜಾರಿ ಬರೀ ಗೊರಗೊರ; ಅದು ಮರಳುವಾಗ ಹಾಡು ಕೊನೆಯ ಚರಣಕ್ಕೆ ಬಂದಿರುತ್ತಿತ್ತು. ಶನಿವಾರಕ್ಕೆ ಹಾಡು ಬೇಕೇ ಬೇಕು. ಗೊರಗೊರ ಇದ್ದಷ್ಟು ಹೊತ್ತಿಗೆ ಸರಿಯಾಗಿ ಅಂಕಲ್ ತಾವೇ ಬೇಸಿನಲ್ಲಿ ಒಂದು ತುಂಡು ಕಟ್ಟಿದರು.

ಕೆಲವು ತಿಂಗಳ ನಂತರ ರೆಕಾರ್ಡು ಸಿಕ್ಕಿತು. ಕೇಳಿದರೆ ಆ ಜಾಗದಲ್ಲಿ ಪಲ್ಲವಿಯನ್ನೇ ಇನ್ನೊಮ್ಮೆ ಹಾಡಿದ್ದರು, ಬೇರೇನೂ ಇರಲಿಲ್ಲ. ಬ್ಯಾಂಡಿನವರು ತಿದ್ದಿಕೊಂಡು ಸರಿಯಾಗಿ ಹಾಡಿದ ದಿನ, ಕುಣಿಯುತ್ತಿದ್ದವರು ನಡುವೆಯೇ ನಿಂತು, ಆ ತುಂಡು ಎಲ್ಲಿ ಎಂದು ಗಲಾಟೆ ಮಾಡಿದರಂತೆ. ಮ್ಯಾನೇಜರನೇ ಓಡಿಬಂದ. ಅಂಕಲ್ ಕಟ್ಟಿದ ತುಂಡು ತನ್ನ ಜಾಗಕ್ಕೆ ವಾಪಸಾಯಿತು. ಇದನ್ನು ಹೇಳುವಾಗಲೆಲ್ಲ ಆಂಟಿ ನಕ್ಕು ನಕ್ಕು ಕೆಮ್ಮುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಅವರ ಇಗರ್ಜಿಯ ಸಭಾಂಗಣದಲ್ಲಿ ಕ್ರಿಸ್ಮಸ್ ಊಟ. ಆಂಟಿ ಹಾಡಬೇಕೆಂದು ಪಾದ್ರಿಗಳು ಕೇಳಿಕೊಂಡರು. ಹಿಮ್ಮೇಳಕ್ಕೆ ಘಾಜಿಯಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು. ಜುಟ್ಟು ಬಿಟ್ಟ, ಹಳೇ ರಾಕ್ ಎಂದರೆ ಪ್ರಾಣ ಬಿಡುವ ಪಾಪದ ಹುಡುಗರು. ಆಂಟಿ ಅದೇ ಸೋಲ್ ಹಾಡನ್ನು ಆರಿಸಿ, ಅಂಕಲ್‌ನ ತುಂಡು ಹೇಳಿಕೊಡಲು ಹೊರಟಾಗ ಬೇಸ್ ಹುಡುಗ ತಲೆಯಾಡಿಸಿದ. "ಆಂಟೀಜಿ, ಓರಿಜಿನಲ್ ಮೇ ತೋ ಯೇ ಹೈ ಹೀ ನಹೀ." ಕಂಪ್ಯೂಟರಿನಿಂದ ಇಳಿಸಿ ತಂದ ಮೂಲ ಹಾಡನ್ನು ಹಾಕಿ ತೋರಿಸಿಯೂಬಿಟ್ಟ. ಇಲ್ಲದ್ದನ್ನು ನುಡಿಸಿದರೆ ಜನ ನಗುತ್ತಾರೆ ಎಂಬ ಭಯ ಅವನಿಗೆ.

ಆಂಟಿ ನನ್ನ ಕಡೆ ತಿರುಗಿ, "ನಾವು ಇದನ್ನು ಹಾಡುವಾಗ ಇವನ ಅಪ್ಪ ಚಡ್ಡಿ ಹಾಕ್ತಿದ್ದ" ಎಂದರು. ಅವನಿಗೆ "ಅಚ್ಛಾ ಬೇಟಾ" ಎಂದಷ್ಟೇ ಹೇಳಿ, ಚಹಾ ಕೊಟ್ಟು ಕಳಿಸಿದರು.

ಹುಡುಗರು ಹೋದ ಮೇಲೆ ಆಂಟಿ ಕಪ್ಪುಗಳನ್ನು ತೊಳೆದಿಟ್ಟು ಬಂದು, "ನಿನ್ನ ಅಂಕಲ್ ಜೀವಮಾನವಿಡೀ ನುಡಿಸಿದ್ದೆಲ್ಲ ಬೇರೆಯವರದ್ದು, ಮಾರಾಯ್ತಿ. ಸ್ವಂತದ್ದು ಅಂತ ಅದೊಂದೇ. ರೆಕಾರ್ಡೂ ಇಲ್ಲ, ಎಂತದೂ ಇಲ್ಲ. ಅದನ್ನೂ ಬಿಟ್ರೆ ಅವರು ಎಲ್ಲಿ ಉಳಿದ್ರು?" ಎಂದರು. ನಾನು ಬೀನ್ಸಿನ ಬುಟ್ಟಿ ಎಳೆದುಕೊಂಡು ಕುಳಿತೆ.

ಮರುದಿನ ಆಂಟಿ ಹುಡುಗರಿಗೆ ಹೇಳಿದ್ದು ಇಷ್ಟೇ: ಆ ಜಾಗ ಬಂದಾಗ ನೀವು ಸುಮ್ಮನೆ ನಿಲ್ಲಿ, ನಾನು ಕೈ ಎತ್ತಿದಾಗ ಕೊನೆಯ ಚರಣ ಶುರುಮಾಡಿ. ತಪ್ಪು ನುಡಿಸುವ ಗೋಜು ತಪ್ಪಿತಲ್ಲ ಎಂದು ಹುಡುಗನ ಮುಖ ಅರಳಿತು.

ಊಟದ ದಿನ ನಾನು ಕೊನೆಯ ಸಾಲಿನಲ್ಲಿದ್ದೆ. ಹಾಡು ಆ ಜಾಗಕ್ಕೆ ಬಂತು, ಹುಡುಗರು ನಿಂತರು. ಆಂಟಿ ತಮ್ಮ ಧಾಟಿ ಬಿಟ್ಟು, ಗಂಟಲು ಎಷ್ಟು ತಗ್ಗುತ್ತದೋ ಅಷ್ಟು ತಗ್ಗಿಸಿ, ಅಂಕಲ್‌ನ ಬೇಸನ್ನೇ ಗುನುಗತೊಡಗಿದರು. ವಯಸ್ಸಾದ ದನಿ, ನಡುವೆ ಒಡೆಯಿತು. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕರೊಬ್ಬರು ಕುರ್ಚಿಯ ಕೈ ತಟ್ಟುತ್ತ ಜೊತೆ ಸೇರಿದರು. ಅವರ ಹೆಂಡತಿ ಸೇರಿದರು. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು... ಬೆಳ್ಳಿಕೂದಲಿನವರೆಲ್ಲ ತಪ್ಪಿಲ್ಲದೆ ಗುನುಗುತ್ತಿದ್ದರು. ಪ್ರಾಯದಲ್ಲಿ ಕನಾಟ್ ಪ್ಲೇಸಿನಲ್ಲಿ ಕುಣಿದವರು ಅವರು, ಅವರ ಮಟ್ಟಿಗೆ ಆ ಹಾಡು ಇದ್ದದ್ದೇ ಹಾಗೆ. ಬೇಸ್ ಹುಡುಗ ಬಾಯಿ ತೆರೆದು ನೋಡಿದ, ಆಮೇಲೆ ತಲೆ ತಗ್ಗಿಸಿ ತಂತಿಯ ಮೇಲೆ ಆ ಸ್ವರಗಳನ್ನು ಹುಡುಕಿ ಹಿಡಿದ. ತುಂಡು ಮತ್ತೆ ಮತ್ತೆ ಸುತ್ತಿ ಬಂತು. ಆಂಟಿ ಕೈ ಎತ್ತುವುದನ್ನೇ ಮರೆತಿದ್ದರು.

ಆ ಮನೆಯ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ನನಗೆ ಮದುವೆಯಾಗಿ ಮಗಳು ಹುಟ್ಟುವ ಹೊತ್ತಿಗೆ ಆಂಟಿ ತೀರಿಕೊಂಡಿದ್ದರು. ರೇಡಿಯೊ ಹಳೇ ಸಾಮಾನು ಕೊಳ್ಳುವ ಯಾವ ಕಬಾಡಿ ಭಯ್ಯಾನ ಗಾಡಿ ಹತ್ತಿತೋ ತಿಳಿಯದು.

ಈ ಸಲ ಹೀಟರ್ ಹಚ್ಚಿದ ಸಂಜೆ ಮಗಳು ತನ್ನ ಫೋನಿನಲ್ಲಿ ಏನೇನೋ ಹಾಡು ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಒಂದರ ಮೊದಲ ಸಾಲಿಗೇ ಅವಳಿಗೆ ಗುರುತು ಹತ್ತಿತು, ಆಂಟಿಯ ಅದೇ ಹಾಡು. ನಾನು ಅಡುಗೆಮನೆಯಲ್ಲಿ ಗುನುಗುವುದನ್ನು ಕೇಳಿ ಬೆಳೆದವಳು ಅವಳು. ತಾನೂ ಗುನುಗುತ್ತ ಹೋದಳು. ನಡುವೆ ಪಲ್ಲವಿ ಎರಡನೇ ಸಲ ಬಂದಾಗ ಹುಬ್ಬು ಗಂಟು ಹಾಕಿ, ಫೋನನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಮಮ್ಮಾ, ಯೇ ರಾಂಗ್ ಹೈ ನಾ? ನಡುವಿನ ಪಾರ್ಟ್ ಎಲ್ಲಿ ಹೋಯ್ತು?"

ಆಂಟಿಗೆ ಈಗಲೇ ಹೇಳಬೇಕು ಎನ್ನಿಸಿತು. ನನ್ನ ಫೋನಿಗಾಗಿ ಕೈ ಚಾಚಿಯೂ ಬಿಟ್ಟಿದ್ದೆ...