ಮುಗಿಯಿತು ಎನ್ನದ ಮೆದುಳು

ನನ್ನ ಹೆಂಡತಿ ಕೈ ತೊಳೆಯಲು ನಿಂತರೆ ಮದ್ರಾಸಿನ ಅಣ್ಣಾ ನಗರದ ನಮ್ಮ ಮನೆಯ ಡ್ರಮ್ಮು ಖಾಲಿಯಾಗುತ್ತಿತ್ತು. ಇಸವಿ ಎರಡು ಸಾವಿರ ದಾಟಿದ ಮೇಲೆ, ಊರಿಗೆಲ್ಲ ನೀರಿನ ಬರ ಬಂದ ಕಾಲ ಅದು. ಲಾರಿ ಬಂದ ದಿನ ನಾನು ಸಾಲಿನಲ್ಲಿ ನಿಂತು, ಬಿಂದಿಗೆಗಳನ್ನು ಎರಡು ಮಹಡಿ ಹೊತ್ತು ತಂದು, ತಡವಾಗಿ ಟಿ. ನಗರದ ಆಫೀಸಿಗೆ ಹೋಗುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಆ ನೀರೆಲ್ಲ ಬಚ್ಚಲಲ್ಲಿ ಹರಿದುಹೋಗಿರುತ್ತಿತ್ತು.

ಮೊದಮೊದಲು ನೆಂಟರು ಅವಳನ್ನು ಮೆಚ್ಚಿದ್ದರು. ನಮ್ಮದು ಆಚಾರದ ವೈಷ್ಣವ ಮನೆ. “ಮದ್ರಾಸಿನಲ್ಲಿದ್ದೂ ಇಷ್ಟು ಮಡಿ ಮಾಡೋ ಸೊಸೆ ಯಾರಿಗೆ ಸಿಗ್ತಾಳೆ?” ಎಂದಿದ್ದರು ನನ್ನ ಅಮ್ಮ. ಆದರೆ ಮಡಿಗೆ ಒಂದು ಕೊನೆಯಿದೆ. ಪೂಜೆಯಾಗುತ್ತದೆ, ಊಟವಾಗುತ್ತದೆ, ಅಲ್ಲಿಗೆ ಮುಗಿಯಿತು. ಇವಳದು ಮುಗಿಯುತ್ತಿರಲಿಲ್ಲ. ಬೆರಳಿನ ಸಂದುಗಳಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ತಮಿಳಿನಲ್ಲೇ ಉತ್ತರಿಸುವ ನಮ್ಮ ಮಗಳು ಬಚ್ಚಲ ಬಾಗಿಲು ತಟ್ಟಿ “ಪೋದುಂಮಾ, ಪೋದುಂ” ಎಂದು ಅಳುತ್ತಿದ್ದಳು. ಸಾಕಮ್ಮ ಎಂದು.

ನಾನು ಆಫೀಸಿನಿಂದ ಬಂದ ಕೂಡಲೇ ಅವಳ ಪ್ರಶ್ನೆ ಶುರು.

“ಕೈ ತೊಳೆದಿರಾ?”

“ತೊಳೆದೆ.”

“ಮೊಣಕೈವರೆಗೂ?”

“ಹೂಂ, ಮೊಣಕೈವರೆಗೂ.”

“ನಿಜವಾಗ್ಲೂ?”

ಮಲಗುವವರೆಗೂ ಇದೇ. ಬೈದರೆ ಅಳುತ್ತಾಳೆ, ಸುಮ್ಮನೆ ಉತ್ತರ ಕೊಟ್ಟರೆ ಕೆಲಸ ಸುಲಭ. ಹಾಗೆ ನಾಲ್ಕು ವರ್ಷ ಉತ್ತರ ಕೊಟ್ಟೆ.

ಕೊನೆಗೆ ಪುರಸೈವಾಕ್ಕಂನಲ್ಲಿ ಒಬ್ಬ ಮನೋವೈದ್ಯೆಯ ಬಳಿ ಹೋದೆವು. ಅವರು ಪುಸ್ತಕವೊಂದನ್ನು ತೆರೆದು ಮೆದುಳಿನ ಬಣ್ಣದ ಚಿತ್ರ ತೋರಿಸಿ, ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು.

“ಕಣ್ಣಿನ ಮೇಲ್ಗಡೆ ಇರೋ ಈ ಭಾಗ, ಏನೋ ತಪ್ಪಾಗಿದೆ ಅಂತ ಎಚ್ಚರಿಸುತ್ತೆ. ಒಳಗಿರೋ ಈ ಭಾಗ, ಸರಿಹೋಯ್ತು ಬಿಡು ಅಂತ ಅದನ್ನ ತಡೀಬೇಕು. ನಿಮ್ಮಲ್ಲಿ ಆ ತಡೆ ಸರಿಯಾಗಿ ಬೀಳ್ತಿಲ್ಲ. ಅದಕ್ಕೇ ಅದೇ ಎಚ್ಚರಿಕೆ ಸುತ್ತಿ ಸುತ್ತಿ ಬರುತ್ತೆ.”

ಹೆಂಡತಿ ಆ ಚಿತ್ರವನ್ನು ನೋಡುತ್ತಲೇ ಇದ್ದಳು. “ಹಾಗಾದ್ರೆ ಇದು ನನ್ನ ಕೆಟ್ಟ ಬುದ್ಧಿ ಅಲ್ವಾ?”

“ಅಲ್ಲಮ್ಮ, ಕಾಯಿಲೆ.”

ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆ ಬರೆದುಕೊಟ್ಟರು. ಅದು ಹೇಗೆ ಗುಣ ಮಾಡುತ್ತದೆಂಬುದು ತಮಗೂ ಪೂರ್ತಿ ಗೊತ್ತಿಲ್ಲ, ಎರಡು ಮೂರು ತಿಂಗಳು ಕಾಯಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವು ಉತ್ತರ ಕೊಡೋದನ್ನ ನಿಲ್ಲಿಸಬೇಕು. ಅದರಿಂದ ಐದು ನಿಮಿಷ ಸಮಾಧಾನ ಸಿಗುತ್ತೆ, ಕಾಯಿಲೆ ಇನ್ನೂ ಬಲಿಯುತ್ತೆ.”

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಸಹಿಸಿಕೊಂಡಿದ್ದೇ ತಪ್ಪಾಯಿತೇ ಎನಿಸಿತು.

ಮೊದಲ ವಾರಗಳಲ್ಲಿ ಮಾತ್ರೆಯಿಂದ ಬರೀ ಓಕರಿಕೆ. ಮೂರನೇ ತಿಂಗಳಲ್ಲಿ ಡಾಕ್ಟರು ಹೇಳಿಕೊಟ್ಟ ಅಭ್ಯಾಸ ಶುರುವಾಯಿತು: ಬಾಗಿಲ ಚಿಲಕ ಮುಟ್ಟಬೇಕು, ತೊಳೆಯದೆ ಕೂರಬೇಕು. ಒಂದು ಸಂಜೆ ಅವಳು ಚಿಲಕ ಮುಟ್ಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ನಾನು ಮನೆಗೆ ಬಂದೆ.

“ಕೈ ತೊಳೆದಿರಾ?” ನಾನು ಚೀಲ ಕೆಳಗಿಟ್ಟೆ. “ಏನೂಂದ್ರೆ, ಒಂದೇ ಒಂದು ಸಲ ಹೇಳಿಬಿಡಿ.”

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ಬೆವರುತ್ತಿದ್ದಳು. ‘ತೊಳೆದೆ’ ಎಂಬ ಮಾತು ನನ್ನ ಬಾಯಿತನಕ ಬಂದಿತ್ತು. ಗಂಟೆ ಕಳೆಯಿತು. ಬೆವರು ತಾನಾಗಿಯೇ ಆರಿತು. “ಹಸಿವಾಗ್ತಿದೆ,” ಎಂದಳು.

ಹೀಗೇ ಒಂದೂವರೆ ವರ್ಷ. ಕೈಗಳ ಗಾಯ ವಾಸಿಯಾಯಿತು. ಗುಣವಾಯಿತೆಂದು ಡಾಕ್ಟರನ್ನೂ ಕೇಳದೆ ನಾವೇ ಮಾತ್ರೆ ನಿಲ್ಲಿಸಿದೆವು. ಆರು ವಾರಕ್ಕೆ ಸೋಪು ಮತ್ತೆ ಬೇಗ ಬೇಗ ಸವೆಯತೊಡಗಿತು. ನಾನು ಕಂಡೂ ಕಾಣದವನಂತಿದ್ದೆ. ಮೊದಲಿನಿಂದ ಶುರುಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು ಅವಳೇ ಹೇಳಿದಳು: “ಮತ್ತೆ ಬಂದಿದೆ ರೀ. ಇವತ್ತೇ ಡಾಕ್ಟರ ಹತ್ರ ಹೋಗೋಣ.”

ನಾನು ಆಫೀಸಿಗೆ ರಜೆ ಹಾಕಿದೆ. ಬಸ್ಸಿನಲ್ಲಿ ಅವಳು ಎಲ್ಲರೂ ಮುಟ್ಟುವ ಕಂಬಿ ಹಿಡಿದು ನಿಂತಳು, ಮುಖ ಬಿಗಿದುಕೊಂಡು, ಪುರಸೈವಾಕ್ಕಂವರೆಗೂ.